ದನದ ಔಷಧಿಯ ಬಾಟಲಿಯ ಮೇಲಿನ ತಾರೀಖು

ಮಳಖೇಡ, ಸೇಡಂ, ಚಿತ್ತಾಪುರ ಭಾಗದ ಒಕ್ಕಲು ಮನೆಗಳಲ್ಲಿ ದನಗಳಿಗೆಂದು ತಂದು ಉಳಿದ ಔಷಧಿಯನ್ನು ಗೋಡೆಯ ಮಾಡದಲ್ಲೋ, ತಗಡಿನ ಕೆಳಗೆ ತೂಗಹಾಕಿದ ಚೀಲದಲ್ಲೋ ಇಡುವುದುಂಟು. ಮುಂದೆ ಎತ್ತಿಗೆ ಜಡ್ಡಾದಾಗ ಬಾಟಲಿ ತಿರುಗಿಸಿ ತಾರೀಖು ನೋಡುತ್ತಾರೆ. ಅವಧಿ ದಾಟಿಲ್ಲವಾದರೆ ಔಷಧಿ ಸರಿಯಿದೆ ಎಂಬುದು ನಂಬಿಕೆ. ಇದು ಅರ್ಧ ಮಾತ್ರ ನಿಜ. ತಾರೀಖನ್ನು ಹೇಗೆ ಲೆಕ್ಕಹಾಕುತ್ತಾರೆಂದು ತಿಳಿದರೆ ಉಳಿದರ್ಧವೂ ತಿಳಿಯುತ್ತದೆ.

ತಯಾರಕರು ಸಾಮಾನ್ಯವಾಗಿ ಕನಿಷ್ಠ 3 ಬ್ಯಾಚುಗಳ ಔಷಧಿಯನ್ನು ಗೊತ್ತಾದ ಉಷ್ಣತೆಯಲ್ಲಿಟ್ಟು, ಮೊದಲ ವರ್ಷ 3 ತಿಂಗಳಿಗೊಮ್ಮೆ, ಎರಡನೆಯ ವರ್ಷ 6 ತಿಂಗಳಿಗೊಮ್ಮೆ ಅದರ ಸತ್ವವನ್ನು ಅಳೆಯುತ್ತಾರೆ. ಉದಾಹರಣೆಗೆ, 100 ಪಾಲು ಸತ್ವವು ತಿಂಗಳಿಗೆ ಸರಾಸರಿ 0.3 ಪಾಲು ಇಳಿಯುತ್ತದೆ ಎನ್ನೋಣ. ಅನೇಕ ಔಷಧಿಗಳಿಗೆ 90 ಪಾಲೇ ಕನಿಷ್ಠ ಮಿತಿ. ತ್ರೈರಾಶಿ ಲೆಕ್ಕದಂತೆ 33 ತಿಂಗಳಿಗೆ ಆ ಮಿತಿ ಮುಟ್ಟುತ್ತದೆ. ಇದೇ ಮಳಖೇಡದಿಂದ ಆಳಿದ ಅಮೋಘವರ್ಷನ ಕಾಲದಲ್ಲಿ, 9ನೆಯ ಶತಮಾನದಲ್ಲಿ, 'ಗಣಿತಸಾರಸಂಗ್ರಹ' ಬರೆದ ಮಹಾವೀರಾಚಾರ್ಯನೂ ತ್ರೈರಾಶಿಯನ್ನು ವಿವರಿಸಿದ್ದಾನೆ.

ಆದರೆ ಇಲ್ಲಿ ತ್ರೈರಾಶಿಯೊಂದೇ ಸಾಲದು. ಒಂದೇ ತೊಗರಿ ಚೀಲವನ್ನು ಎರಡು ಸಲ ತೂಗಿದರೆ ತುಸು ವ್ಯತ್ಯಾಸ ಬರುವಂತೆ, ಸತ್ವದ ಅಳತೆಯಲ್ಲೂ ಏರುಪೇರು ಇರುತ್ತದೆ. ಅಳತೆಗಳನ್ನು ನಕ್ಷೆಯಲ್ಲಿ ಚುಕ್ಕೆಯಿಟ್ಟು ನಡುವೆ ಗೆರೆಯೆಳೆದರೆ ಅದು ಸರಾಸರಿ ಮಾತ್ರ. ನಿಜವಾದ ಇಳಿತ ಇದಕ್ಕಿಂತ ವೇಗವಾಗಿರಲೂಬಹುದು. ಆದ್ದರಿಂದ ಸಂಖ್ಯಾಶಾಸ್ತ್ರಜ್ಞರು ಅದರ ಕೆಳಗೆ ಇನ್ನೊಂದು ಗೆರೆ ಎಳೆಯುತ್ತಾರೆ. ನಿಜವಾದ ಸರಾಸರಿ ಇದಕ್ಕಿಂತ ಕೆಳಗಿಲ್ಲವೆಂದು ಶೇಕಡ 95ರಷ್ಟು ಭರವಸೆಯಿಂದ ಹೇಳಬಹುದಾದ ಗೆರೆ ಅದು. ಅಳತೆ ಮಾಡಿದ ಕಾಲದಿಂದ ಮುಂದೆ ಹೋದಷ್ಟೂ ಅದು ಮೇಲಿನ ಗೆರೆಯಿಂದ ದೂರ ಬಾಗುತ್ತದೆ. ಈ ಕೆಳಗೆರೆ 27 ತಿಂಗಳಿಗೇ 90ನ್ನು ಮುಟ್ಟಿದರೆ, ಬಾಟಲಿಯ ಮೇಲೆ 24 ತಿಂಗಳೆಂದು ಅಚ್ಚಾಗಬಹುದು. ಬ್ಯಾಚುಗಳು ಬೇರೆ ಬೇರೆ ವೇಗದಲ್ಲಿ ಕೆಟ್ಟರೆ, ಬೇಗ ಕೆಟ್ಟದ್ದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ.

ಇಷ್ಟು ಎಚ್ಚರಿಕೆಯ ಲೆಕ್ಕವೂ ಒಂದು ಷರತ್ತಿಗೆ ಒಳಪಟ್ಟಿದೆ. ಚೀಟಿಯ ಮೇಲೆ '30 ಡಿಗ್ರಿ ಮೀರದಂತೆ ಇಡಿ' ಎಂದಿದ್ದರೆ ತಾರೀಖು ಆ ಉಷ್ಣತೆಗೆ ಮಾತ್ರ ಸಲ್ಲುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಔಷಧಿ ಕೆಡುವ ವೇಗ ಸಾಮಾನ್ಯವಾಗಿ 2ರಿಂದ 4 ಪಟ್ಟಾಗುತ್ತದೆ. ಈ ಸೀಮೆಯಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಕೆಳಗಿನ ಕಾವು ಇನ್ನೂ ಹೆಚ್ಚು. ವೇಗ 3 ಪಟ್ಟೆಂದು ಹಿಡಿದರೂ, 40 ಡಿಗ್ರಿಯಲ್ಲಿ ಕಳೆದ 2 ತಿಂಗಳು 30 ಡಿಗ್ರಿಯ 6 ತಿಂಗಳಿಗೆ ಸಮ. ಅಂಥ ಬಾಟಲಿಯ ತಾರೀಖಿಗೆ ಬೆಲೆಯಿಲ್ಲ. ಸತ್ವಗುಂದಿದ ಔಷಧಿ ಕೊಟ್ಟರೆ ರೋಗ ಪೂರ್ತಿ ಹೋಗದು. ಬಿತ್ತನೆಯ ಹೊತ್ತಿಗೆ ಎತ್ತು ಮಲಗೀತು. ಉಳಿದ ರೋಗಾಣುಗಳು ಔಷಧಿಗೆ ಜಗ್ಗದಂತಾಗುವ ಭಯವೂ ಇದೆ.

ಔಷಧಿಯನ್ನು ಬಿಸಿಲು ಬೀಳದ ಒಳಕೋಣೆಯಲ್ಲಿ, ಶಹಾಬಾದಿ ಫರಸಿಯ ನೆಲಕ್ಕೆ ಹತ್ತಿರವಾಗಿ, ತೇವ ತಗಲದ ಡಬ್ಬಿಯಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ತೆರೆದ ಬಾಟಲಿಗೆ ಅಚ್ಚಾದ ತಾರೀಖು ಅನ್ವಯಿಸುವುದಿಲ್ಲ. ತೆರೆದ ಮೇಲೆ ಎಷ್ಟು ದಿನವೆಂಬುದನ್ನು ಚೀಟಿಯಲ್ಲಿ ಬೇರೆಯಾಗಿ ನೋಡಬೇಕು. ಮಳೆಗಾಲಕ್ಕೆ ಮುಂಚೆ ಹಾಕಿಸುವ ಗಂಟಲು ಬೇನೆಯ ಲಸಿಕೆಗೆ ಒಳಕೋಣೆಯೂ ಸಾಲದು. ಅದು 2ರಿಂದ 8 ಡಿಗ್ರಿಯಲ್ಲೇ ಇರಬೇಕು, ಹೆಪ್ಪುಗಟ್ಟಲೂ ಬಾರದು. ಲಸಿಕೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬಂದಿದೆಯೇ ಎಂದು ದನದ ಯಜಮಾನರು ಧಾರಾಳವಾಗಿ ಕೇಳಬಹುದು.