ಅನಾನಸಿನ ನೆಂಟರು: ಮಣ್ಣು ಬೇಡದ ಗಿಡಗಳು

ಅನಾನಸ್ ಗಿಡವನ್ನು ಕಾಣದ ರೈತರಿಲ್ಲ. ಆದರೆ ಈ ಅನಾನಸಿಗೆ ಮೂರು ಸಾವಿರಕ್ಕೂ ಮಿಕ್ಕಿ ನೆಂಟರಿದ್ದಾರೆ, ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ನೆಲ ಮುಟ್ಟದೆ ಮರದ ಕೊಂಬೆಯ ಮೇಲೆಯೇ ಬಾಳುತ್ತಾರೆ ಎಂಬುದು ಅನೇಕರಿಗೆ ಹೊಸ ಸಂಗತಿಯಾದೀತು. ಬ್ರೊಮಿಲಿಯಾಡ್ ಎಂಬುದು ಈ ಕುಟುಂಬದ ಹೆಸರು. ಪಶ್ಚಿಮ ಆಫ್ರಿಕದ ಒಂದೇ ಒಂದು ಜಾತಿಯನ್ನು ಬಿಟ್ಟರೆ ಉಳಿದವೆಲ್ಲ ಅಮೆರಿಕ ಖಂಡಗಳವು. ಅನಾನಸನ್ನು ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ನಮ್ಮ ದೇಶಕ್ಕೆ ತಂದರು. ಅದರ ಹೂವಿನ ನೆಂಟರು ಈಗ ಬೆಂಗಳೂರಿನ ನರ್ಸರಿಗಳಿಂದ ಹಾಸನದ ಕಡೆಗೂ ಬರುತ್ತಿದ್ದಾರೆ. ಸಾಕುವ ಆಸೆಯುಳ್ಳವರು ಹಣ ಹಾಕುವ ಮುನ್ನ ಕೆಲವು ವಿಷಯ ತಿಳಿದಿರುವುದು ಒಳ್ಳೆಯದು.

ಮರದ ಮೇಲೆ ಗಿಡ ಎಂದೊಡನೆ ನಮ್ಮವರಿಗೆ ನೆನಪಾಗುವುದು ಬಂದಳಿಕೆ. "ಮರ ಹಾಳಾಗುವುದಿಲ್ಲವೇ?" ಎಂದು ನೀವು ಕೇಳುವುದು ಸಹಜ. ಬದನಿಕೆ ಹಕ್ಕಿ ತಿಂದು ಬಿಟ್ಟ ಬಂದಳಿಕೆಯ ಅಂಟುಬೀಜ ಕೊಂಬೆಯಲ್ಲೇ ಮೊಳೆತು, ಒಳಕ್ಕೆ ಬೇರಿಳಿಸಿ ಮರದ ರಸ ಹೀರುತ್ತದೆ. ಕೂಡಿದ ಜಾಗ ಗಂಟು ಕಟ್ಟುತ್ತದೆ, ಅದರಾಚೆಯ ಕೊಂಬೆ ಸೊರಗುತ್ತದೆ. ಬ್ರೊಮಿಲಿಯಾಡ್ ಹಾಗಲ್ಲ, ಅದರ ಬೇರು ತೊಗಟೆಯನ್ನು ಹಿಡಿದುಕೊಳ್ಳಲು ಮಾತ್ರ. ನಮ್ಮ ಸೀತಾಳೆ ದಂಡೆಯೂ ಇದೇ ಬಗೆ. ಮುಂಗಾರಿನ ಮೊದಲಲ್ಲಿ ಹಲಸು, ಮಾವಿನ ಮರಗಳಿಂದ ನರಿಬಾಲದಂತೆ ಹೂಗೊಂಚಲು ಇಳಿಬಿಡುವ ಈ ಆರ್ಕಿಡ್ಡನ್ನು ಬಂದಳಿಕೆಯೊಂದಿಗೇ ಕಿತ್ತೆಸೆಯುವವರಿದ್ದಾರೆ. ಬೂದುಬಿಳಿ ಬೇರು ತೊಗಟೆಯ ಮೇಲೆ ಹರಿದಿದ್ದರೆ ಬಿಟ್ಟುಬಿಡಿ. ಗಂಟು ಕಟ್ಟಿದ್ದರೆ ಗಂಟಿಗಿಂತ ಒಂದಡಿ ಹಿಂದಕ್ಕೆ ಕೊಂಬೆ ಸಮೇತ ಕತ್ತರಿಸಿ. ಆರ್ಕಿಡ್ ಬೇಕೆಂದು ಬಿಸಿಲೆ ಕಾಡಿಗೆ ಹೋಗಿ ಕಿತ್ತು ತರುವ ಸಾಹಸ ಮಾತ್ರ ಬೇಡ. ಮೀಸಲು ಅರಣ್ಯದಿಂದ ಗಿಡ ತರುವುದು 1963ರ ಕರ್ನಾಟಕ ಅರಣ್ಯ ಕಾಯಿದೆಯ ಪ್ರಕಾರ ಅಪರಾಧ.

ಬ್ರೊಮಿಲಿಯಾಡುಗಳಲ್ಲಿ ಎರಡು ತರಹ ನಿಮ್ಮ ಕೈಗೆ ಬರಬಹುದು. ಒಂದು, ಎಲೆಗಳ ನಡುವೆ ಬಟ್ಟಲಿನಂತೆ ನೀರು ಹಿಡಿಯುವ ಜಾತಿ: ಎಕ್ಮಿಯ, ಬಿಲ್ಬರ್ಜಿಯ, ನಿಯೊರೆಜೀಲಿಯ, ಗುಜ್ಮೇನಿಯ ಮುಂತಾದವು. ಇನ್ನೊಂದು ಟಿಲಾಂಡ್ಸಿಯ, ಅಂದರೆ ಜನ ಗಾಳಿಗಿಡ ಎನ್ನುವುದು. ಗಾಳಿಗಿಡದ ಎಲೆಯ ಮೇಲೆ ಬೂದಿ ಬಳಿದಂತೆ ಕಾಣುವುದು ಧೂಳಲ್ಲ, ಸಣ್ಣ ಹೊಪ್ಪಳೆಗಳು. ಮಳೆ, ಮಂಜಿನ ನೀರನ್ನು ಗಿಡ ಇವುಗಳಿಂದಲೇ ಕುಡಿಯುತ್ತದೆ. ಹೆಸರು ಗಾಳಿಗಿಡವಾದರೂ ಬರೀ ಗಾಳಿ ಕುಡಿದು ಬದುಕುವುದಿಲ್ಲ. ಗಾಜಿನ ಬುರುಡೆಯಲ್ಲಿಟ್ಟು "ನೀರೇ ಬೇಡ" ಎಂದು ಮಾರುವವರ ಮಾತು ನಂಬಬೇಡಿ.

ಬೇಸಿಗೆಯಲ್ಲಿ ವಾರಕ್ಕೆರಡು ಸಲ ಗಾಳಿಗಿಡವನ್ನು ಬಕೆಟ್ಟಿನ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಮುಳುಗಿಸಿ, ತಲೆಕೆಳಗು ಮಾಡಿ ಒದರಿ, ಗಾಳಿಯಾಡುವ ಕಡೆ ತೂಗುಹಾಕಿ. ನಾಲ್ಕು ಗಂಟೆಯೊಳಗೆ ಒಣಗಬೇಕು. ಈ ಕೆಲಸ ಬೆಳಿಗ್ಗೆಯೇ ಆಗಬೇಕು. ಕತ್ತಾಳೆ, ಪಾಪಾಸುಕಳ್ಳಿಗಳಂತೆ ಈ ಗಿಡವೂ ಉಸಿರಾಟದ ರಂಧ್ರಗಳನ್ನು ರಾತ್ರಿ ತೆರೆಯುತ್ತದೆ. ರಾತ್ರಿಯಿಡೀ ಒದ್ದೆಯಾಗಿದ್ದರೆ ಉಸಿರು ಕಟ್ಟಿದ ಹಾಗೆ. ಚನ್ನರಾಯಪಟ್ಟಣದ ಕಡೆಯವರು ಗಡಸು ಕೊಳವೆ ಬಾವಿ ನೀರನ್ನು ಬಳಸದಿರುವುದು ಲೇಸು. ಸುಣ್ಣದ ಅಂಶ ಎಲೆಯ ಮೇಲೆ ಕೂತು ಹೊಪ್ಪಳೆಗಳನ್ನು ಮುಚ್ಚುತ್ತದೆ. ಹೆಂಚಿನ ಮನೆಯ ಸೂರಿನಿಂದ ಇಳಿದ ಮಳೆನೀರನ್ನು ಒಂದೆರಡು ಪೀಪಾಯಿ ಹಿಡಿದಿಟ್ಟರೆ ಹತ್ತಾರು ಗಿಡಕ್ಕೆ ಬಹುದಿನ ಸಾಕು. ಅರಕಲಗೂಡಿನ ಪಡುವಣ ಭಾಗದಲ್ಲಿ ಕಷ್ಟ ಇದಕ್ಕೆ ತಿರುಗುಮುರುಗು. ಅಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿಗಿಡಗಳನ್ನು ಸೂರಿನ ಕೆಳಗೆ ಇಡದಿದ್ದರೆ ನಡುಗಂಟು ಕೊಳೆತು ಎಲೆಗಳು ಕೈಗೆ ಬರುತ್ತವೆ.

ಇನ್ನು ಮುಖ್ಯವಾದ ಎಚ್ಚರಿಕೆ. ತಾಮ್ರ ಈ ಕುಟುಂಬಕ್ಕೆ ವಿಷ. ಅಡಿಕೆಯ ಕೊಳೆರೋಗಕ್ಕೆ, ಕಾಫಿಗೆ, ಮೆಣಸಿನ ಬಳ್ಳಿಗೆ ನೀವು ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ ಇರುತ್ತದೆ. ಮೈಲುತುತ್ತ ಎಂದರೆ ತಾಮ್ರವೇ. ಅಡಿಕೆ ಮರದಿಂದ ತೊಟ್ಟಿಕ್ಕಿದ ದ್ರಾವಣ ಕೆಳಗೆ ಕಟ್ಟಿದ ಬ್ರೊಮಿಲಿಯಾಡಿನ ಬಟ್ಟಲಿಗೆ ಬಿದ್ದರೆ ಗಿಡದ ಕತೆ ಮುಗಿಯಿತು. ಔಷಧಿ ಹೊಡೆಯುವ ತೋಟದಲ್ಲಿ ಇವುಗಳನ್ನು ಕಟ್ಟಲೇಬೇಡಿ. ಮನೆಯಂಗಳದ ಮಾವೋ ಹೊಂಗೆಯೋ ಮೇಲು. ತಾಮ್ರದ ತಂತಿಯಿಂದ ಬಿಗಿಯಬೇಡಿ, ಸತುವಿನ ಲೇಪವುಳ್ಳ ತಂತಿಯೂ ಬೇಡ. ಅಲ್ಯೂಮಿನಿಯಂ ತಂತಿ ಅಥವಾ ನೈಲಾನ್ ದಾರ ಆದೀತು. ಗೊಬ್ಬರ ಕೊಡುವುದಾದರೆ ತಿಂಗಳಿಗೊಮ್ಮೆ ಲೀಟರಿಗೆ ಅರ್ಧ ಗ್ರಾಂ 19:19:19 ಸಾಕು. ಲಘು ಪೋಷಕಾಂಶಗಳ ಮಿಶ್ರಣದಲ್ಲಿ ತಾಮ್ರ, ಸತು, ಬೋರಾನ್ ಇರುವುದರಿಂದ ಅದನ್ನು ಹತ್ತಿರ ತರಬೇಡಿ.

ಹೊಳೆನರಸೀಪುರ, ಚನ್ನರಾಯಪಟ್ಟಣದ ಬಿಸಿಲಿಗೆ ದಪ್ಪ ಎಲೆಯ, ಬೂದುಬಣ್ಣದ ಜಾತಿಗಳನ್ನೇ ಆರಿಸಿ. ಬಿಲ್ಬರ್ಜಿಯ ಗಟ್ಟಿ ಜೀವ, ಹೊಸಬರಿಗೆ ತಕ್ಕದ್ದು. ಮುಳ್ಳಿನ ಡಿಕಿಯ ನೆಲದಲ್ಲೇ ಬೆಳೆದು ಒಣಹವೆ ತಾಳಿಕೊಳ್ಳುತ್ತದೆ. ತೆಳು ಹಸಿರೆಲೆಯ ಗುಜ್ಮೇನಿಯ ಅರಕಲಗೂಡು, ಹಾಸನದ ನೆರಳಿಗೆ ಸರಿ; ಆದರೆ ಡಿಸೆಂಬರ್, ಜನವರಿಯ ಚಳಿಯಲ್ಲಿ ಅದರ ಬಟ್ಟಲಿನ ನೀರು ಕಡಿಮೆ ಮಾಡಿ.

ಕಟ್ಟಲು ನಮ್ಮಲ್ಲಿ ಕಾಯಿಮಟ್ಟೆಗೆ ಬರವಿಲ್ಲ. ಹಸಿಮಟ್ಟೆಯಲ್ಲಿ ಉಪ್ಪು, ಒಗರು ಇರುವುದರಿಂದ ವಾರವಿಡೀ ನೀರು ಬದಲಾಯಿಸುತ್ತ ನೆನೆಸಿಯೇ ಬಳಸಬೇಕು. ಮಟ್ಟೆ ನೀರು ಹಿಡಿದಿಡುವುದರಿಂದ ಬಟ್ಟಲು ಜಾತಿಗೆ ಒಳ್ಳೆಯದು. ಗಾಳಿಗಿಡಕ್ಕೆ ಕಿತ್ತುಹಾಕಿದ ಕಾಫಿ ಬುಡದ ಒಣ ಕಟ್ಟಿಗೆಯೇ ಸರಿ.

ಬಟ್ಟಲಿನಲ್ಲಿ ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಟ್ಟೀತು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಬೆಳೆಯಲು ಸುಮಾರು ಏಳರಿಂದ ಹತ್ತು ದಿನ ಸಾಕು. ಐದು ದಿನಕ್ಕೊಮ್ಮೆ ಬಟ್ಟಲನ್ನು ಬಗ್ಗಿಸಿ ಹಳೆಯ ನೀರು ಚೆಲ್ಲಿ ಹೊಸದು ತುಂಬಿ. ಮನೆಯಲ್ಲಿ ಮಕ್ಕಳಿದ್ದು ಇಷ್ಟು ಪುರುಸೊತ್ತಿಲ್ಲವಾದರೆ ಈ ಜಾತಿ ಬಿಟ್ಟು ಗಾಳಿಗಿಡ ಮಾತ್ರ ಸಾಕಿ.

ಒಂದು ಗಿಡ ಒಂದೇ ಸಲ ಹೂ ಬಿಡುತ್ತದೆ, ಆಮೇಲೆ ಬಾಳೆಯಂತೆ ಬುಡದಲ್ಲಿ ಕಂದು ಕೊಟ್ಟು ನಿಧಾನವಾಗಿ ಸಾಯುತ್ತದೆ. ಕಂದು ತಾಯಿಯ ಮೂರನೆಯ ಒಂದು ಭಾಗದಷ್ಟಾದ ಮೇಲೆ ಬೇರ್ಪಡಿಸಿ. ಅವಸರ ಮಾಡಿದರೆ ಎರಡೂ ಸೊರಗುತ್ತವೆ. ಬಲಿತ ಬಟ್ಟಲು ಗಿಡ ಹೂ ಬಿಡದಿದ್ದರೆ, ನೀರು ಚೆಲ್ಲಿ, ಮಾಗಿದ ಸೇಬಿನೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ವಾರದ ಮಟ್ಟಿಗೆ ಕಟ್ಟಿ ನೆರಳಿನಲ್ಲಿಡಿ. ಹಣ್ಣು ಬಿಡುವ ಎಥಿಲೀನ್ ಅನಿಲವೇ ಹೂವಿಗೆ ಪ್ರೇರಣೆ. ಅನಾನಸ್ ಬೆಳೆಗಾರರು ಎಥ್ರೆಲ್ ಹಾಕುವ ತತ್ವವೂ ಇದೇ. ಒಂದೆರಡು ವರ್ಷದಲ್ಲಿ ಮಾರುವಷ್ಟು ಕಂದು ಆಗಬಹುದು, ಕೈಖರ್ಚಿಗೆ ಸರಿ. ಆದರೆ ಆಲೂಗಡ್ಡೆ, ತೆಂಗಿನ ಬದಲು ನೆಚ್ಚುವ ಬೆಳೆ ಇದಲ್ಲ. ಕೊಳ್ಳುವವರು ಪಟ್ಟಣದ ಹವ್ಯಾಸಿಗಳು, ಅವರ ಆಸೆ ಬೇಗ ಬದಲಾಗುತ್ತದೆ.

ಅಪರೂಪದ ಜಾತಿಯ ಹುಚ್ಚು ಹಿಡಿದವರಿಗೆ ಒಂದು ಮಾತು. ಗ್ವಾಟೆಮಾಲ, ಮೆಕ್ಸಿಕೊ ಕಡೆಯ ದೊಡ್ಡ ಸುರುಳಿ ಎಲೆಯ ಟಿಲಾಂಡ್ಸಿಯ ಜೆರೊಗ್ರಾಫಿಕ ಕಾಡಿನಿಂದ ವಿಪರೀತ ಕೀಳಲ್ಪಟ್ಟು, ಈಗ ಅದರ ಅಂತರರಾಷ್ಟ್ರೀಯ ಮಾರಾಟಕ್ಕೆ ಪರವಾನಗಿ ಬೇಕು. ನರ್ಸರಿಯಲ್ಲಿ ಬೆಳೆಸಿದ್ದನ್ನೇ ಕೇಳಿ ಕೊಳ್ಳಿ. ವಿದೇಶದಿಂದ ಬರುವ ನೆಂಟರ ಪೆಟ್ಟಿಗೆಯಲ್ಲಿ ಗಿಡ ತರಿಸಬೇಡಿ. 2003ರ ಸಸ್ಯ ಸಂಪರ್ಕತಡೆ ಆದೇಶದಂತೆ ಆಮದು ಪರವಾನಗಿ, ಆರೋಗ್ಯ ಪತ್ರ ಎರಡೂ ಕಡ್ಡಾಯ. ಕಾನೂನಿನ ಮಾತು ಹಾಗಿರಲಿ, ನಮ್ಮ ತೆಂಗನ್ನು ನೋಡಿ: ಮಧ್ಯ ಅಮೆರಿಕ ಮೂಲದ ಸುರುಳಿ ಬಿಳಿನೊಣ 2016ರಲ್ಲಿ ಪೊಳ್ಳಾಚಿಯ ಕಡೆ ಕಾಣಿಸಿ ಕರ್ನಾಟಕದ ತೋಟಗಳಿಗೂ ಹಬ್ಬಿತು. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಪಪಾಯಿ ಹಿಟ್ಟುತಿಗಣೆ ಹಿಪ್ಪುನೇರಳೆಯನ್ನೂ ಬಿಡಲಿಲ್ಲ.

ಪಕ್ಕದ ಊರಿನಿಂದಲೇ ತಂದರೂ ಹೊಸ ಗಿಡವನ್ನು ಮೂರು ನಾಲ್ಕು ವಾರ ಬೇರೆ ಇಡಿ. ಎಲೆಯ ಬುಡದಲ್ಲಿ ಬಿಳಿ ಹತ್ತಿಯಂಥದು ಕಂಡರೆ, ಇರುವೆಗಳ ಓಡಾಟ ಹೆಚ್ಚಿದ್ದರೆ ಅದು ಹಿಟ್ಟುತಿಗಣೆ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ವಾರ ಬಿಟ್ಟು ಮತ್ತೆ ನೋಡಿ. ಇಡೀ ಗಿಡ ಮುತ್ತಿದ್ದರೆ ತಿಪ್ಪೆಗೆ ಎಸೆಯದೆ ಸುಟ್ಟುಹಾಕಿ.