ಕಮಿಷನರ್ ಇಲ್ಲದ ಡೆಪ್ಯುಟಿ

ಜಿಲ್ಲೆಯ ಆಡಳಿತದ ಹೊಣೆ ಹೊತ್ತವರನ್ನು ಕನ್ನಡದಲ್ಲಿ ಜಿಲ್ಲಾಧಿಕಾರಿ ಎನ್ನುತ್ತೇವೆ, ಇಂಗ್ಲಿಷ್‌ನಲ್ಲಿ ಡೆಪ್ಯುಟಿ ಕಮಿಷನರ್. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಇದೇ ಇಂಗ್ಲಿಷ್ ಪದನಾಮದವರು ಕನ್ನಡದಲ್ಲಿ ಉಪ ಆಯುಕ್ತರು. ಜಿಲ್ಲೆಯವರನ್ನು ಹಾಗೆ ಕರೆಯಲು ಮಾತ್ರ ಯಾರಿಗೂ ನಾಲಿಗೆ ಹೊರಳುವುದಿಲ್ಲ. ನಿಷೇಧಾಜ್ಞೆಯ ಕೊನೆಯಲ್ಲಿ ಅವರ ಸಹಿಯ ಕೆಳಗೆ ‘ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ದಂಡಾಧಿಕಾರಿಗಳು’ ಎಂದಿರುತ್ತದೆ. ಇಷ್ಟು ಅಧಿಕಾರವುಳ್ಳವರು ಇಂಗ್ಲಿಷ್‌ನಲ್ಲಿ ಯಾರಿಗೆ ಡೆಪ್ಯುಟಿ?

ಉತ್ತರ ಹಳೆಯ ಮೈಸೂರಿನಲ್ಲಿದೆ. 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಬಂಗಾಳದಲ್ಲಿ ನೇಮಿಸಿದವರು ಕಲೆಕ್ಟರುಗಳು. ಟಿಪ್ಪು ಮಡಿದ 1799ರಲ್ಲೇ ಥಾಮಸ್ ಮನ್ರೋ ಕೆನರಾದ ಕಲೆಕ್ಟರನಾಗಿ ಬಂದ. ಕಂದಾಯ ವಸೂಲಿಯೇ ಕಂಪನಿಯ ಗುರಿ ಎಂಬುದನ್ನು ಆ ಹೆಸರು ಮುಚ್ಚಿಡಲಿಲ್ಲ. ಮೈಸೂರಿನ ದಾರಿ ಬೇರೆ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡು ಕಮಿಷನರುಗಳನ್ನು ಕೂರಿಸಿದರು. ಕಬ್ಬನ್ ನಂತರ ಬಂದ ಬೌರಿಂಗ್ 1860ರ ದಶಕದಲ್ಲಿ ರಾಜ್ಯವನ್ನು ಮೂರು ವಿಭಾಗ, ಎಂಟು ಜಿಲ್ಲೆಗಳಾಗಿ ಹಂಚಿದ. ಆ ಏರ್ಪಾಡಿನಲ್ಲಿ ವಿಭಾಗಕ್ಕೆ ಕಮಿಷನರ್, ಜಿಲ್ಲೆಗೆ ಡೆಪ್ಯುಟಿ ಕಮಿಷನರ್ ಎಂಬ ಹೆಸರು ನೆಲೆಯೂರಿತು. ಆಗ ಅದಕ್ಕೆ ಅರ್ಥವಿತ್ತು. ಆದರೆ 1876–78ರ ಭೀಕರ ಬರ ಬೊಕ್ಕಸವನ್ನು ಬರಿದು ಮಾಡಿತು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳುವ ಹೊತ್ತಿಗೆ ವಿಭಾಗೀಯ ಕಮಿಷನರ್ ಹುದ್ದೆಗಳು ರದ್ದಾಗಿದ್ದವು. ಮೇಲಿನವರು ಹೋದರು, ‘ಡೆಪ್ಯುಟಿ’ ಉಳಿಯಿತು.

ಹೆಸರನ್ನು ಸರಿಪಡಿಸುವ ಒಳ್ಳೆಯ ಅವಕಾಶ 1956ರ ಏಕೀಕರಣದಲ್ಲಿ ಒದಗಿತ್ತು. ತಾಲ್ಲೂಕಿನ ಅಧಿಕಾರಿ ಮೈಸೂರಿನಲ್ಲಿ ಅಮಲ್ದಾರ, ಮುಂಬೈ ಕರ್ನಾಟಕದಲ್ಲಿ ಮಾಮಲೇದಾರ, ಮದ್ರಾಸು ಮತ್ತು ಹೈದರಾಬಾದಿನ ಭಾಗಗಳಲ್ಲಿ ತಹಶೀಲ್ದಾರ. 1964ರ ಭೂಕಂದಾಯ ಕಾಯ್ದೆ ತಹಶೀಲ್ದಾರ ಎಂಬುದನ್ನೇ ಇಡೀ ರಾಜ್ಯಕ್ಕೆ ಒಪ್ಪಿತು. ಅಮಲ್ದಾರ ಎಂಬ ತುಂಬುಗಂಭೀರ ಹೆಸರು ಕಡತಗಳಿಂದ ಮಾಯವಾದದ್ದು ನನಗೆ ಇಂದಿಗೂ ನಷ್ಟವೆನಿಸುತ್ತದೆ. ಆದರೂ ಅಲ್ಲಿ ಒಂದು ವಿವೇಕವಿತ್ತು: ಇಂಗ್ಲಿಷ್ ಕಾಯ್ದೆಯಲ್ಲೂ ತಹಶೀಲ್ದಾರ ತಹಶೀಲ್ದಾರನೇ. ಅದೇ ಕಾಯ್ದೆ ಜಿಲ್ಲೆಯ ಮಟ್ಟದಲ್ಲಿ ಡೆಪ್ಯುಟಿ ಕಮಿಷನರನ್ನು ಹಾಗೆಯೇ ಉಳಿಸಿಕೊಂಡಿತು.

ಏಕೀಕರಣದ ನಂತರ ವಿಭಾಗೀಯ ಆಯುಕ್ತರು ಬಂದರು, ಈಗ ಪ್ರಾದೇಶಿಕ ಆಯುಕ್ತರಿದ್ದಾರೆ, ಹಾಗಾಗಿ ‘ಡೆಪ್ಯುಟಿ’ ಸರಿಯೇ ಎನ್ನಬಹುದು. ಒಪ್ಪಲಾರೆ. ಜಿಲ್ಲಾಧಿಕಾರಿ ಮೇಲಿನವರ ಪರವಾಗಿ ಸಹಿ ಹಾಕುವವರಲ್ಲ. ಕಾಯ್ದೆ ಅವರಿಗೆ ನೇರವಾಗಿ ಅಧಿಕಾರ ಕೊಟ್ಟಿದೆ. ಮೇಲ್ಮನವಿ ಕೇಳುವವರು ಮೇಲಿದ್ದ ಮಾತ್ರಕ್ಕೆ ಕೆಳಗಿನವರು ಅವರ ಡೆಪ್ಯುಟಿ ಆಗುವುದಿಲ್ಲ. ನೆರೆರಾಜ್ಯಗಳಂತೆ ಕಲೆಕ್ಟರ್ ಎನ್ನೋಣವೆಂದರೆ ಅದೂ ಬೇಡ. ನೆರೆ, ಬರ, ಚುನಾವಣೆ, ಪಿಂಚಣಿ ಎಲ್ಲವನ್ನೂ ನೋಡುವ ಹುದ್ದೆಗೆ ಕಂಪನಿಯ ಕಾಲದ ವಸೂಲಿಯ ಹೆಸರೇಕೆ? ತಹಶೀಲ್ದಾರನಂತೆ ‘ಜಿಲ್ಲಾಧಿಕಾರಿ’ಯನ್ನೂ ಇಂಗ್ಲಿಷ್ ಕಡತದಲ್ಲಿ ಹಾಗೆಯೇ ಬರೆಯುವುದು ನನ್ನ ಮೊದಲ ಆಯ್ಕೆ. ಎಷ್ಟೋ ಕಾಯ್ದೆಗಳನ್ನು ತಿದ್ದಬೇಕಾಗುತ್ತದೆ ಎಂಬ ತಕರಾರು ನಿಲ್ಲುವುದಿಲ್ಲ; 1973ರಲ್ಲಿ ‘ಮೈಸೂರು’ ಎಂದಿದ್ದ ಕಾಯ್ದೆಗಳನ್ನೆಲ್ಲ ಒಂದೇ ಆದೇಶದಿಂದ ‘ಕರ್ನಾಟಕ’ ಮಾಡಿದ ರಾಜ್ಯ ಇದು. ಡಿ.ಸಿ. ಎಂಬುದು ಜನರ ಬಾಯಲ್ಲಿ ಕೂತುಬಿಟ್ಟಿದೆ, ಬಿಡಲಾಗದು ಎನ್ನುವವರು ಅಸ್ಸಾಮನ್ನು ನೋಡಲಿ. ಅಲ್ಲಿ ಈಚೆಗೆ ಡೆಪ್ಯುಟಿ ಕಮಿಷನರ್ ಹೆಸರನ್ನು ಡಿಸ್ಟ್ರಿಕ್ಟ್ ಕಮಿಷನರ್ ಎಂದು ಬದಲಿಸಿದರು, ಡಿ.ಸಿ. ಎಂಬ ಎರಡಕ್ಷರ ಇದ್ದಲ್ಲೇ ಇದೆ.