ಅಸಹಜ ಸಾವಿನ ಮಹಜರು

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಕೊನೆ ಕೊಯ್ಯಲು ಹತ್ತಿದವನು ಅಡಿಕೆ ಮರದಿಂದ ಬಿದ್ದರೆ, ಅಲ್ಯೂಮಿನಿಯಂ ದೋಟಿ ವಿದ್ಯುತ್ ತಂತಿಗೆ ತಾಗಿದರೆ, ಶರಾವತಿ ಹಿನ್ನೀರಿನಲ್ಲೋ ತುಂಗೆಯಲ್ಲೋ ಯಾರಾದರೂ ಮುಳುಗಿದರೆ, ಆ ಸಾವು ಠಾಣೆಯಲ್ಲಿ ಯು.ಡಿ.ಆರ್. (ಅಸಹಜ ಸಾವಿನ ವರದಿ) ಆಗಿ ದಾಖಲಾಗುತ್ತದೆ. ಆತ್ಮಹತ್ಯೆಗೂ ಇದೇ ದಾರಿ.

ಇಂಗ್ಲೆಂಡಿನಲ್ಲಿ ಇಂಥ ಸಾವುಗಳ ವಿಚಾರಣೆಗೆಂದೇ ಕಾರೊನರ್ ಎಂಬ ಅಧಿಕಾರಿ ಇರುತ್ತಾರೆ. ಭಾರತದಲ್ಲಿ 1871ರ ಕಾಯ್ದೆಯಡಿ ಕಲ್ಕತ್ತ, ಬೊಂಬಾಯಿಗಳಲ್ಲಿದ್ದ ಆ ಹುದ್ದೆ ಈಗಿಲ್ಲ. ಮುಂಬೈಯಲ್ಲಿ ಅದು ಕೊನೆಗೊಂಡದ್ದು 1999ರಲ್ಲಿ. ಮಲೆನಾಡಿನಲ್ಲಿ ಈ ಕೆಲಸವನ್ನು ಪೊಲೀಸರು, ತಹಶೀಲ್ದಾರರು, ಸರ್ಕಾರಿ ವೈದ್ಯರು ಹಂಚಿಕೊಂಡು ಮಾಡುತ್ತಾರೆ.

ಸುದ್ದಿ ತಿಳಿದ ಠಾಣಾಧಿಕಾರಿ ಮ್ಯಾಜಿಸ್ಟ್ರೇಟರಿಗೆ ತಿಳಿಸಿ, ಶವವಿರುವಲ್ಲಿಗೇ ಹೋಗಿ ಮಹಜರು ಮಾಡಬೇಕು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಂನಲ್ಲಿದ್ದ ಈ ನಿಯಮ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂನಲ್ಲಿದೆ. ನೆರೆಹೊರೆಯ ಇಬ್ಬರಾದರೂ ಗೌರವಸ್ಥರು ಪಂಚರಾಗಿ ಎದುರಿಗಿರಬೇಕು. ಗಾಯ, ಮೂಳೆ ಮುರಿತ, ಬಾಸುಂಡೆ, ಅವು ಯಾವ ರೀತಿಯಲ್ಲಿ ಅಥವಾ ಯಾವ ಆಯುಧದಿಂದ ಆದಂತೆ ಕಾಣುತ್ತವೆ ಎಂಬುದೆಲ್ಲ ಬರಹಕ್ಕಿಳಿಯುತ್ತದೆ. ಬರೆದದ್ದನ್ನು ಒಪ್ಪಿದವರಷ್ಟೇ ಸಹಿ ಹಾಕಬೇಕು. ಬರೆದು ತಂದ ಕಾಗದಕ್ಕೆ ದೂರದಲ್ಲೇ ನಿಂತು ರುಜು ಮಾಡುವ ಅಭ್ಯಾಸ ಅಪಾಯಕಾರಿ. ಮರದಿಂದ ಬಿದ್ದ ಪೆಟ್ಟೋ ಬೇರೆ ಪೆಟ್ಟೋ ಎಂಬ ಮೊದಲ ಅನುಮಾನ ಏಳಬೇಕಾದದ್ದು ಶವದ ಎದುರಲ್ಲೇ. ಸತ್ತವನ ದಿನಚರಿ, ತೋಟದ ಜಾಗ ಎಲ್ಲವನ್ನೂ ಬಲ್ಲವರೂ ಊರಿನವರೇ. ಕೊಂದವರಾರು ಎಂಬುದನ್ನು ಮಹಜರು ತೀರ್ಮಾನಿಸುವುದಿಲ್ಲ. ಮೇಲ್ನೋಟಕ್ಕೆ ಕಾಣುವ ಕಾರಣವನ್ನಷ್ಟೇ ಅದು ಹೇಳುತ್ತದೆ.

ವರದಿ 24 ಗಂಟೆಯೊಳಗೆ ಜಿಲ್ಲಾ ಅಥವಾ ಉಪವಿಭಾಗೀಯ ಮ್ಯಾಜಿಸ್ಟ್ರೇಟರನ್ನು ತಲುಪಬೇಕು. ಹೊಸನಗರ ಸಾಗರದ ಉಪವಿಭಾಗಕ್ಕೆ ಸೇರಿದರೆ, ತೀರ್ಥಹಳ್ಳಿ ಶಿವಮೊಗ್ಗದ್ದಕ್ಕೆ ಸೇರುತ್ತದೆ.

ಕಾರಣದ ಬಗ್ಗೆ ಸಂಶಯವಿದ್ದರೆ ಶವ ಮರಣೋತ್ತರ ಪರೀಕ್ಷೆಗೆ ಹೋಗುತ್ತದೆ. ವಿಷದ ಶಂಕೆಯಿದ್ದರೆ ಒಳಾಂಗಗಳ ಮಾದರಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಆತ್ಮಹತ್ಯೆ ಮಾಡಿಕೊಂಡರೆ ಅಥವಾ ಅನುಮಾನಾಸ್ಪದವಾಗಿ ಸತ್ತರೆ ಪೊಲೀಸರ ಮಹಜರು ಸಾಲದು, ಮ್ಯಾಜಿಸ್ಟ್ರೇಟರೇ ವಿಚಾರಣೆ ನಡೆಸಬೇಕು. ಸಾಮಾನ್ಯವಾಗಿ ತಹಶೀಲ್ದಾರರು ಬರುತ್ತಾರೆ. ಪೊಲೀಸ್ ವಶದಲ್ಲಿನ ಸಾವನ್ನು ನ್ಯಾಯಿಕ ಮ್ಯಾಜಿಸ್ಟ್ರೇಟರು ವಿಚಾರಿಸುತ್ತಾರೆ. ಹೂತ ಶವವನ್ನು ತೆಗೆಸಿ ಪರೀಕ್ಷಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಒಂಟಿಮನೆಗಳ ಈ ನಾಡಿನಲ್ಲಿ ಯಾರಿಗೂ ತಿಳಿಸದೆ ಸುಟ್ಟುಬಿಟ್ಟರೆ ಮಾತ್ರ ಯಾವ ಅಧಿಕಾರವೂ ನೆರವಿಗೆ ಬಾರದು.

ಅಪರಾಧದ ಸುಳಿವು ಸಿಕ್ಕರೆ ಪ್ರಥಮ ವರ್ತಮಾನ ವರದಿ ದಾಖಲಾಗಿ ತನಿಖೆ ಮುಂದುವರಿಯುತ್ತದೆ, ಇಲ್ಲವಾದರೆ ಯು.ಡಿ.ಆರ್. ಮುಕ್ತಾಯವಾಗುತ್ತದೆ. ವಿಮೆಗೋ ವಿದ್ಯುತ್ ಕಂಪನಿ ಮೆಸ್ಕಾಂನ ಪರಿಹಾರಕ್ಕೋ ಅರ್ಜಿ ಹಾಕುವ ಮನೆಯವರು ಮಹಜರು ಮತ್ತು ಮರಣೋತ್ತರ ವರದಿಯ ಪ್ರತಿಗಳನ್ನು ಪಡೆದಿಟ್ಟುಕೊಳ್ಳಬೇಕಾಗುತ್ತದೆ.